ಹನ್ನೆರಡು ಚುಕ್ಕಿ, ಒಂಬತ್ತು ಸಾಲು

ಹನ್ನೆರಡು ಎಂಬ ಸಂಖ್ಯೆಯ ಮೇಲೆ ನನಗಿದ್ದಷ್ಟು ಸಿಟ್ಟು ಬೇರೆ ಯಾರಿಗೂ ಇರಲಾರದು. ಪಾಪ, ಅದರ ತಪ್ಪೇನೂ ಇಲ್ಲ. ಎರಡು, ಮೂರು, ನಾಲ್ಕು, ಆರು, ಯಾರು ಬಂದು ಕೈಯೊಡ್ಡಿದರೂ ತನ್ನನ್ನು ಸಮನಾಗಿ ಹಂಚಿಕೊಟ್ಟುಬಿಡುವ ಧಾರಾಳಿ ಅದು. ಡಜನ್ ಬಾಳೆಹಣ್ಣು ಕೊಳ್ಳುವವರಿಗೂ ವರ್ಷವನ್ನು ತಿಂಗಳುಗಳಾಗಿ ಒಡೆದವರಿಗೂ ಈ ಗುಣದಿಂದ ಎಷ್ಟೋ ಅನುಕೂಲವಾಗಿದೆ. ಆದರೆ ನನ್ನ ಅತ್ತಿಗೆಯನ್ನು ಮನೆಯಿಂದ ಆಚೆ ಕಳಿಸಿದ್ದೂ ಇದೇ ಗುಣ. ಅವಳನ್ನು ಒಳಗೆ ಕರೆತರಲು ನಾನು ಒಂದು ಆಷಾಢವಿಡೀ ಸ್ಲೇಟಿನ ಮೇಲೆ ತಲೆ ಚಚ್ಚಿಕೊಂಡೆ.

ನಾವಾಗ ಕುಂಬಾರಕೊಪ್ಪಲಿನಲ್ಲಿದ್ದೆವು. ನಯಾ ಪೈಸೆ ಬಂದು, ಜನ ಆಣೆಯ ಲೆಕ್ಕವನ್ನೂ ಹೊಸ ಲೆಕ್ಕವನ್ನೂ ಒಟ್ಟಿಗೆ ಬಾಯಲ್ಲಿಟ್ಟುಕೊಂಡು ತಡವರಿಸುತ್ತಿದ್ದ ಕಾಲ. ಅಪ್ಪ ಕಾರ್ಖಾನೆಯೊಂದರಲ್ಲಿ ಫಿಟ್ಟರ್, ಅಣ್ಣ ಬಸ್ ಕಂಡಕ್ಟರ್, ನಾನು ಹೈಸ್ಕೂಲು. ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಆ ವರ್ಷದ ಬೇಸಿಗೆಯಲ್ಲಿ ಅಣ್ಣನ ಮದುವೆಯಾಯಿತು. ಮದುವೆಗೆಂದು ಊರಿನಿಂದ ಬಂದ ಅಜ್ಜಿ, ಅಂದರೆ ಅಪ್ಪನ ತಾಯಿ, ನಮ್ಮಲ್ಲೇ ಉಳಿದಳು. ಉಳಿಯದೆ ಬೇರೆ ದಾರಿಯಿರಲಿಲ್ಲ. ಎರಡು ಕಣ್ಣಿಗೂ ಪೊರೆ ಕಟ್ಟಿ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆಸ್ಪತ್ರೆ ಎಂದರೆ, "ಕಣ್ಗೆ ಕತ್ತಿ ಆಕುಸ್ಕೊಳಕ್ಕೆ ನಾನೇನ್ ಕುರಿಯಾ?" ಎಂದು ಹರಿಹಾಯುತ್ತಿದ್ದಳು. ಅತ್ತ ಊರಿನ ಮನೆ ಹಿಸ್ಸೆಯಾಗಿ ಮೂರು ಪಾಲಾಗಿತ್ತು, ಅಪ್ಪನದು ಒಂದು, ಚಿಕ್ಕಪ್ಪಂದಿರಿಬ್ಬರದು ಒಂದೊಂದು. ಅಂಗಳದ ನಡುವೆ ಗೋಡೆ ಎದ್ದಿತ್ತು. ಆ ಗೋಡೆಯನ್ನು ಅಜ್ಜಿ ಕಣ್ಣಿನಿಂದ ನೋಡಲಿಲ್ಲ, ಕೈಯಿಂದ ಮುಟ್ಟಿ ತಿಳಿದುಕೊಂಡಳು.

ಮನೆ ಯಾಕೆ ಒಡೆಯಿತು ಎಂಬುದಕ್ಕೆ ಅವಳದೇ ಒಂದು ಕಾರಣವಿತ್ತು. "ನಾನು ಎಳೆ ಆಕೋವರ್ಗೂ ಮನೆ ಒಂದಾಗಿತ್ತು. ಕಣ್ಣು ಓಯ್ತು, ಎಳೆ ನಿಂತೋಯ್ತು, ಮನೆ ಮೂರಾಯ್ತು," ಎನ್ನುತ್ತಿದ್ದಳು. ಹೊಲದ ಜಗಳ, ಬಾವಿಯ ಜಗಳ, ಚಿಕ್ಕಪ್ಪಂದಿರ ಹೆಂಡತಿಯರ ಜಗಳ ಯಾವುದೂ ಅವಳ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಎಳೆ ಎಂದರೆ ಅವಳ ರಂಗೋಲಿ. ಬಾಗಿಲ ಮುಂದೆ ಚುಕ್ಕಿಗಳನ್ನು ಸಾಲುಸಾಲಾಗಿ ಇಟ್ಟು, ಚುಕ್ಕಿಗಳ ನಡುವೆ ಓರೆಯಾಗಿ ಗೆರೆ ಎಳೆಯುತ್ತ ಹೋಗಬೇಕು. ಅಂಚಿಗೆ ಬಂದಾಗ ಕೊನೆಯ ಚುಕ್ಕಿಯನ್ನು ಬಳಸಿ ತಿರುಗಬೇಕು. ಹೀಗೆ ಪ್ರತಿ ಚುಕ್ಕಿಯನ್ನೂ ಸುತ್ತುವರಿದು, ಕೈ ಎತ್ತದೆ, ಹೊರಟ ಜಾಗಕ್ಕೇ ಬಂದು ಸೇರಿದರೆ ಅದು ಒಂದೆಳೆ. ಎಲ್ಲ ಚುಕ್ಕಿಗಳೂ ಮುಗಿಯುವ ಮೊದಲೇ ಗೆರೆ ಹೊರಟ ಜಾಗಕ್ಕೆ ಬಂದುಬಿಟ್ಟರೆ ಕೈ ಎತ್ತಿ ಇನ್ನೊಂದು ಎಳೆ ಶುರುಮಾಡಬೇಕಾಗುತ್ತದೆ. ಅಜ್ಜಿಯ ಪ್ರಕಾರ ಹಾಗೆ ಕೈ ಎತ್ತುವುದೆಂದರೆ ಮನೆಗೆ ಗೋಡೆ ಎಬ್ಬಿಸಿದಂತೆ.

ಅತ್ತಿಗೆ ಶ್ರೀರಾಂಪುರದ ಕಡೆಯವಳು. ಅದು ಆಗ ಹೊಲಗಳ ನಡುವಿನ ಊರು. ಅವಳ ತಂದೆಗೆ ಪೇಟೆಯಲ್ಲಿ ಧಾನ್ಯದ ಮಂಡಿ ಇತ್ತು. ರಾಗಿ, ಅವರೆ, ಹುರುಳಿ ಅಳೆಯುವುದನ್ನು ನೋಡಿಕೊಂಡೇ ಬೆಳೆದವಳು. ಮಾತು ಕಮ್ಮಿ, ಕೆಲಸ ಚುರುಕು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಬಂದ ವಾರದಲ್ಲೇ ನನ್ನ ಜಡೆಯ ಹೇನನ್ನೂ ಅಡುಗೆಮನೆಯ ಜೇಡನನ್ನೂ ಒಟ್ಟಿಗೆ ಮುಗಿಸಿದಳು. ತಾಯಿಯಿಲ್ಲದ ಮನೆಯಲ್ಲಿ ಬೆಳೆದ ನನಗೆ ಅವಳು ತಲೆ ಬಾಚುವಾಗ ಹಾಗೇ ಕಣ್ಣು ಮುಚ್ಚಿಹೋಗುತ್ತಿತ್ತು. ಅವಳನ್ನು ಕಂಡರೆ ನನಗೆ ಪ್ರಾಣ.

ಮೊದಲ ಶುಕ್ರವಾರ ಅಜ್ಜಿ ಹೊಸಿಲ ಮೇಲೆ ಕೂತು ಅಪ್ಪಣೆ ಕೊಟ್ಟಳು. "ನೋಡವ್ವ, ನಮ್ಮನೆ ಎಳೆ ಇದು. ಅಡ್ಡಕ್ಕೆ ಅನ್ನೆರಡು ಚುಕ್ಕಿ, ಒಂಬತ್ತು ಸಾಲು. ಒಂಬತ್ತು ಯಾಕೆ ಅಂದ್ರೆ ನವಗ್ರಹ. ಲಾಭದಿಂದ ಶುರು ಮಾಡು." ನಮ್ಮ ಕಡೆ ಧಾನ್ಯ ಅಳೆಯುವಾಗ ಯಾರೂ 'ಒಂದು' ಎನ್ನುವುದಿಲ್ಲ. ಮೊದಲನೆಯದನ್ನು 'ಲಾಭ' ಎಂದೇ ಎಣಿಸುತ್ತಾರೆ. ಅತ್ತಿಗೆ ತಲೆಯಾಡಿಸಿ, ಬಾಯಲ್ಲೇ ಎಣಿಸಿಕೊಳ್ಳುತ್ತ ಬಾಗಿಲ ಚಪ್ಪಡಿಯ ಮೇಲೆ ಚುಕ್ಕಿ ಇಟ್ಟಳು. ಅವಳ ಚುಕ್ಕಿಗಳು ದಾರ ಹಿಡಿದು ಇಟ್ಟಷ್ಟು ನೇರ. ಗೆರೆ ಎಳೆಯತೊಡಗಿದಳು. ಗೆರೆ ಬಲಕ್ಕೆ ಹೋಯಿತು, ತಿರುಗಿತು, ಕೆಳಗಿಳಿಯಿತು, ಮೇಲೇರಿತು, ಅರ್ಧಕ್ಕೂ ಮೊದಲೇ ಹೊರಟ ಜಾಗಕ್ಕೆ ಬಂದು ಕೂತುಬಿಟ್ಟಿತು. ಅತ್ತಿಗೆ ಕೈ ಎತ್ತಿ ಇನ್ನೊಂದು ಎಳೆದಳು. ಅದೂ ಸಾಲದೆ ಮತ್ತೊಂದು.

"ಎಷ್ಟ್ ಎಳೆ ಬಂತವ್ವ?" ಅಜ್ಜಿ ಕೇಳಿದಳು.

"ಮೂರು ಬಂದ್ಬುಡ್ತು ಕಣಜ್ಜಿ."

ಒಂದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಜ್ಜಿಗೆ ಕಾಣುತ್ತಿರಲಿಲ್ಲ, ನಾನಂತೂ ಬಾಯಿ ಬಿಡುತ್ತಿರಲಿಲ್ಲ. ಆಮೇಲೆ ನಾನು ಇದನ್ನೇ ಹೇಳಿ ಅತ್ತಿಗೆಯನ್ನು ಬೈದೆ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಅಳತೆ ಮನೇಲಿ ಉಟ್ಟಿ ಸುಳ್ ಎಣಿಕೆ ಯೋಳ್ಲಾ?" ಎಂದಳು. ಅಷ್ಟೇ. ಅವಳ ಹತ್ತಿರ ವಾದ ಮಾಡುವುದು ಕಷ್ಟವಾಗಿತ್ತು, ಎದುರುತ್ತರ ಕೊಟ್ಟರೆ ತಾನೇ.

ಮೂರು ಎಂಬ ಮಾತು ಕೇಳಿ ಅಜ್ಜಿಯ ಮುಖ ಇಳಿದುಹೋದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಎರಡು ಬಂದಿದ್ದರೆ ಸುಮ್ಮನಾಗುತ್ತಿದ್ದಳೇನೋ. ಬಂದದ್ದು ಸರಿಯಾಗಿ ಮೂರು. "ಕೈ ತಪ್ಪಿರ್ಬೇಕು, ಸೋಮ್ವಾರ ಇನ್ನೊಂದ್ಸಲ ಆಕು," ಎಂದಳು. ಸೋಮವಾರವೂ ಮೂರು, ಮುಂದಿನ ಶುಕ್ರವಾರವೂ ಮೂರು. ಅಜ್ಜಿ ಮುದ್ದೆಕೋಲಿನ ಕಡೆ ಕೈ ತೋರಿಸಿ, "ಎಳೆ ಒಂದಾಗೋವರ್ಗೂ ನೀನು ಆ ಕೋಲು ಮುಟ್ಬ್ಯಾಡ. ಈ ಮನೆ ಇಟ್ಟು ತಿರುವೋದು ಮನೆ ಇಡಿದು ನಿಲ್ಸೋಳು," ಎಂದುಬಿಟ್ಟಳು. ಹಿಟ್ಟು ತಿರುವುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಮುದ್ದೆ ಗಂಟುಗಂಟಾಗಿ, ಒಳಗೆ ಹಸಿಹಿಟ್ಟು ಉಳಿದಿರುತ್ತಿತ್ತು. ಅಪ್ಪ ಮಾತಾಡದೆ ನುಂಗುತ್ತಿದ್ದ. ಅಣ್ಣ ಬಸ್ಸಿನ ತುಂಬ ಜನರನ್ನು ಗದರಿಸಿ ಒಳಗೆ ತಳ್ಳಬಲ್ಲವನು, ಅಜ್ಜಿಯ ಮುಂದೆ ಬಾಯಿಗೆ ಬೀಗ ಹಾಕಿಕೊಂಡು ಕೂತ.

ಆಷಾಢ ಬಂತು. ಹೊಸ ಸೊಸೆ ಆಷಾಢಕ್ಕೆ ತವರಿಗೆ ಹೋಗುವುದು ಎಲ್ಲರ ಮನೆಯ ವಾಡಿಕೆ. ಶ್ರಾವಣಕ್ಕೆ ಗಂಡನ ಮನೆಯವರು ಹೋಗಿ ಕರೆತರುತ್ತಾರೆ. ಅತ್ತಿಗೆ ಗಂಟು ಕಟ್ಟಿದ ದಿನ ಅಜ್ಜಿ ಜಗುಲಿಯ ಮೇಲೆ ಕೂತು, ಬೀದಿಗೆ ಕೇಳುವ ಹಾಗೆ ಹೇಳಿದಳು. "ಶ್ರಾವಣಕ್ಕೆ ಯಾರೂ ಕರಿಯಕ್ಕೆ ಓಗೋದ್ ಬ್ಯಾಡ. ಇದು ಮನೆ ಮುರಿಯೋ ಕೈ. ಒಂದ್ ಮನೆ ಮುರಿದಿದ್ದು ನೋಡಿದ್ದೀನಿ, ಇನ್ನೊಂದ್ ನೋಡಾಕಿಲ್ಲ."

ಎದುರುಮನೆಯ ಹೆಂಗಸರು ಮೊರ ಕೆಳಗಿಟ್ಟು ನೋಡಿದರು. ಅತ್ತಿಗೆ ಅಳಲಿಲ್ಲ. ನನ್ನನ್ನು ಹಿತ್ತಲಿಗೆ ಕರೆದು, "ಎಷ್ಟ್ ಸಲ ಆಕುದ್ರೂ ಮೂರೇ ಬತ್ತದೆ ಕಣೆ. ನನ್ ಕೈ ತಪ್ತಾ ಇಲ್ಲ, ಅದು ನಂಗ್ ಗೊತ್ತು. ಆದ್ರೆ ಯಾಕೆ ಅಂತ ಗೊತ್ತಾಗ್ತಿಲ್ಲ. ನೀನು ಓದೋಳು, ನೋಡು," ಎಂದಳು. ಗಂಟು ಹಿಡಿದು ಅಣ್ಣನ ಹಿಂದೆ ಹೊರಟುಹೋದಳು.

ನೋಡುತ್ತೇನೆ ಎಂದು ನಾನು ಹಲ್ಲು ಕಚ್ಚಿದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಆ ಸಲ ಅದು ಮೂಗಿನಿಂದ ಇಳಿದು ಕೈಗೆ ಬಂತು. ಹಳೆಯ ಸ್ಲೇಟು ತೆಗೆದು ಚಿಕ್ಕದರಿಂದ ಶುರುಮಾಡಿದೆ. ಎರಡು ಚುಕ್ಕಿಯ ಎರಡು ಸಾಲು ಇಟ್ಟರೆ ಎರಡು ಎಳೆ. ಎರಡು ಚುಕ್ಕಿಯ ಮೂರು ಸಾಲು ಇಟ್ಟರೆ ಒಂದೇ ಎಳೆ! ಮೂರರ ಮೂರು ಸಾಲಿಗೆ ಮೂರು ಎಳೆ. ಮೂರರ ನಾಲ್ಕು ಸಾಲಿಗೆ ಒಂದು. ನಾಲ್ಕರ ಆರು ಸಾಲಿಗೆ ಎರಡು. ಬರೆದೆ, ಎಳೆ ಎಣಿಸಿದೆ, ಅಳಿಸಿದೆ, ಮತ್ತೆ ಬರೆದೆ. ಬಳಪ ಮುಗಿದರೆ ಇದ್ದಿಲಿನಿಂದ ಹಿತ್ತಲ ಕಲ್ಲಿನ ಮೇಲೆ ಬರೆದೆ. ಹೊರಗೆ ಆಷಾಢದ ಗಾಳಿ ಬೀಸುತ್ತಿತ್ತು, ಅಜ್ಜಿ ಒಳಗಿನಿಂದ, "ಏನ್ ಗೀಚ್ತಾ ಇದೀಯೆ ಇಡೀ ದಿನ?" ಎಂದು ಕೂಗುತ್ತಿದ್ದಳು. "ಲೆಕ್ಕ!" ಎಂದು ಅವಳಿಗಿಂತ ಜೋರಾಗಿ ಕೂಗುತ್ತಿದ್ದೆ. ಸುಳ್ಳೇನಲ್ಲ.

ಆರು ಚುಕ್ಕಿಯ ಒಂಬತ್ತು ಸಾಲು ಇಟ್ಟ ದಿನ ಮೂರು ಎಳೆ ಬಂತು. ಆರು, ಒಂಬತ್ತು, ಮೂರು. ಈ ಮೂರು ಸಂಖ್ಯೆಗಳನ್ನು ಒಟ್ಟಿಗೆ ಎಲ್ಲೋ ನೋಡಿದ್ದೇನೆ ಅನ್ನಿಸಿತು. ಎಲ್ಲಿ ಎಂದರೆ ನಮ್ಮ ಲೆಕ್ಕದ ಪುಸ್ತಕದಲ್ಲಿ! ಮಹತ್ತಮ ಸಾಮಾನ್ಯ ಅಪವರ್ತನ. ಆರನ್ನೂ ಒಂಬತ್ತನ್ನೂ ಭಾಗಿಸುವ ಅತಿ ದೊಡ್ಡ ಸಂಖ್ಯೆ ಮೂರು. ನಾಲ್ಕಕ್ಕೂ ಆರಕ್ಕೂ ಎರಡು. ಮೂರಕ್ಕೂ ನಾಲ್ಕಕ್ಕೂ ಒಂದನ್ನು ಬಿಟ್ಟರೆ ಯಾವುದೂ ಇಲ್ಲ, ಆದ್ದರಿಂದ ಒಂದೇ ಎಳೆ. ಮೇಷ್ಟರು ಬೆತ್ತ ಹಿಡಿದು ಬಾಯಿಪಾಠ ಮಾಡಿಸಿದ್ದ ಮ.ಸಾ.ಅ. ನಮ್ಮ ಬಾಗಿಲ ಚಪ್ಪಡಿಯ ಮೇಲೆ ಇಷ್ಟು ದಿನ ಸುಮ್ಮನೆ ಕೂತಿತ್ತು. ಹಾಗಾದರೆ ಹನ್ನೆರಡಕ್ಕೂ ಒಂಬತ್ತಕ್ಕೂ? ಮೂರು. ಅತ್ತಿಗೆ ಹಾಕಿದರೂ ಮೂರು, ನಾನು ಹಾಕಿದರೂ ಮೂರು, ಮಹಾರಾಣಿಯೇ ಬಂದು ಹಾಕಿದರೂ ಮೂರು. ನನಗೆ ಕುಣಿಯುವಷ್ಟು ಸಂತೋಷವಾಯಿತು.

ಯಾಕೆ ಹಾಗೆ ಎಂಬುದಕ್ಕೆ ಸರಿಯಾದ ಸಾಧನೆ ನನಗೆ ಸಿಕ್ಕಿದ್ದು ಕಾಲೇಜಿಗೆ ಹೋದಮೇಲೆ. ಆದರೆ ಅದರ ತುದಿ ಅಂದೇ ಕೈಗೆ ಸಿಕ್ಕಿತ್ತು. ಚುಕ್ಕಿಯ ಅಂಗಳದಿಂದ ಒಂದು ಚೌಕವನ್ನು ಕತ್ತರಿಸಿ ತೆಗೆದರೂ ಎಳೆಗಳ ಸಂಖ್ಯೆ ಬದಲಾಗುವುದಿಲ್ಲ. ಹನ್ನೆರಡರ ಒಂಬತ್ತು ಸಾಲಿನಿಂದ ಒಂಬತ್ತರ ಚೌಕ ತೆಗೆದರೆ ಮೂರರ ಒಂಬತ್ತು ಸಾಲು ಉಳಿಯುತ್ತದೆ. ಅದರಿಂದ ಮೂರರ ಚೌಕಗಳನ್ನು ತೆಗೆಯುತ್ತ ಹೋದರೆ ಕೊನೆಗೆ ಉಳಿಯುವುದು ಮೂರರ ಮೂರು ಸಾಲು. ಅಲ್ಲಿರುವುದು ಮೂರು ಎಳೆ.

ಅಜ್ಜಿಯ ಮುಂದೆ ಹೋಗಿ ಕೂತು ಎಲ್ಲವನ್ನೂ ಹೇಳಿದೆ. ಕಡಲೆಬೀಜ ಇಟ್ಟು, ಅವಳ ಬೆರಳು ಹಿಡಿದು, ಚಿಕ್ಕ ಚಿಕ್ಕ ಎಳೆಗಳ ದಾರಿ ತೋರಿಸಿದೆ. ಅಜ್ಜಿ ದಡ್ಡಿಯಲ್ಲ. ಎಲ್ಲವನ್ನೂ ಕೇಳಿ, ಒಂದೇ ಒಂದು ಪ್ರಶ್ನೆ ಕೇಳಿದಳು.

"ಅಂಗಾದ್ರೆ ಮದ್ವೆಯಾಗಿ ಬಂದಾಗಿಂದ ಕಣ್ ಓಗೋವರ್ಗೂ ನಾನ್ ಆಕಿದ್ದು ಸುಳ್ಳಾ? ಅನ್ನೆರಡು ಚುಕ್ಕಿ, ಒಂಬತ್ ಸಾಲು. ಒಂದೇ ಎಳೆ. ನಿಮ್ಮಪ್ಪುನ್ನೇ ಕೇಳು."

ಅಪ್ಪನನ್ನು ಕೇಳಿದೆ. "ಹೌದಮ್ಮ, ಒಂದೇ ಎಳೆ. ನಮ್ಮವ್ವ ಕೈ ಎತ್ತಿದ್ದನ್ನ ನಾನು ಕಂಡೇ ಇಲ್ಲ," ಎಂದ. ಚುಕ್ಕಿ ಎಷ್ಟಿತ್ತು ಎಂದರೆ, ಅಷ್ಟೆಲ್ಲ ಯಾರು ಎಣಿಸುತ್ತಾರೆ ಎಂದು ಬೀಡಿ ಹಚ್ಚಿದ.

ನನಗೆ ತಲೆ ಚಿಟ್ಟು ಹಿಡಿಯಿತು. ಅಜ್ಜಿ ಸುಳ್ಳು ಹೇಳುವವಳಲ್ಲ, ಲೆಕ್ಕವೂ ಸುಳ್ಳು ಹೇಳುವುದಿಲ್ಲ. ಏಳು ಸಾಲು ಹಾಕೋಣ, ಹನ್ನೆರಡಕ್ಕೂ ಏಳಕ್ಕೂ ಒಂದೇ ಎಳೆ ಬರುತ್ತದೆ ಎಂದು ರಾಜಿಗೆ ಹೋದೆ. "ಎರಡ್ ಗ್ರಹನ ಎಲ್ಲಿಗ್ ಕಳುಸ್ತೀಯೆ?" ಎಂದಳು ಅಜ್ಜಿ. ಆಷಾಢ ಮುಗಿಯುತ್ತ ಬಂದಿತ್ತು. ಅಣ್ಣ ಡ್ಯೂಟಿಯಿಂದ ಬಂದು, ಉಣ್ಣುವಾಗ, ನನ್ನ ಮುಖವನ್ನೇ ನೋಡುತ್ತಿದ್ದ. ಬಾಯಿ ಬಿಟ್ಟು ಕೇಳುತ್ತಿರಲಿಲ್ಲ. ಕೇಳದೆ ಇದ್ದದ್ದಕ್ಕೇ ಅವನಿಗೆ ಒಂದು ಬಾರಿಸಬೇಕು ಅನ್ನಿಸುತ್ತಿತ್ತು.

ಕೊನೆಗೆ ಒಂದು ಬೆಳಿಗ್ಗೆ ಚಪ್ಪಡಿ ತೊಳೆದು, ಅಜ್ಜಿಯನ್ನು ಕೈಹಿಡಿದು ಕರೆತಂದು ಕೂರಿಸಿ, ರಂಗೋಲಿ ಪುಡಿಯ ಚಿಪ್ಪನ್ನು ಅವಳ ತೊಡೆಯ ಮೇಲಿಟ್ಟೆ. "ನೀನೇ ಇಡು. ಎಳೆ ಬೇಡ, ಬರೀ ಚುಕ್ಕಿ. ಒಂದೇ ಸಾಲು," ಎಂದೆ.

"ಕಣ್ ಕಾಣದೋಳ್ಗೆ ಗೇಲಿ ಮಾಡ್ತೀಯಾ?" ಎಂದು ಗದರಿದಳು. ಆದರೆ ಪುಡಿ ಕೈಗೆ ಬಂದ ಕೂಡಲೇ ಬೆರಳುಗಳು ಸುಮ್ಮನಿರಲಿಲ್ಲ. ಎಡಗೈಯ ಎರಡು ಬೆರಳನ್ನು ಅಂತರಕ್ಕೆ ಇಟ್ಟುಕೊಂಡು, ಬಲಗೈಯಿಂದ ಚುಕ್ಕಿ ಬಿಡತೊಡಗಿದಳು. ಮೊದಲ ಚುಕ್ಕಿ ಇಟ್ಟು, ಕೈಯನ್ನು ಕಣ್ಣಿಗೆ ಒತ್ತಿಕೊಂಡು, "ಲಾಭ," ಎಂದಳು. ಪಕ್ಕದ ಚುಕ್ಕಿ ಇಟ್ಟು, "ಒಂದು," ಎಂದಳು. ಆಮೇಲೆ ಎರಡು. ಆಮೇಲೆ ಮೂರು.

ಅವಳು "ಅನ್ನೆರಡು" ಎಂದು ಕೈ ಕೊಡವಿದಾಗ ಚಪ್ಪಡಿಯ ಮೇಲಿದ್ದ ಚುಕ್ಕಿಗಳನ್ನು ನಾನು ಬೆರಳಿಟ್ಟು ಎಣಿಸಿದೆ. ಹದಿಮೂರು.

"ಅಜ್ಜೀ! ನಿನ್ನದು ಹನ್ನೆರಡಲ್ಲ, ಹದಿಮೂರು!" ಎಂದು ಬೀದಿಯೇ ಬೆಚ್ಚಿಬೀಳುವಂತೆ ಕಿರುಚಿದೆ.

"ಲಾಭನ ಯಾರಾದ್ರೂ ಎಣಿಕೆಗೆ ಸೇರುಸ್ತಾರೇನೆ? ಅದು ದೇವ್ರ ಪಾಲು," ಎಂದಳು ಅಜ್ಜಿ, ನನಗೇ ಬುದ್ಧಿಯಿಲ್ಲ ಎನ್ನುವ ಹಾಗೆ.

ಅತ್ತಿಗೆಯ ಮಂಡಿಯಲ್ಲಿ ಸೇರಿಸುತ್ತಿದ್ದರು. ಅಲ್ಲಿ ಲಾಭ, ಎರಡು, ಮೂರು ಎಂದು ಅಳೆಯದಿದ್ದರೆ ಪ್ರತಿ ಮೂಟೆಗೂ ಒಂದು ಸೇರು ಹೆಚ್ಚಾಗಿ ಹೋಗಿ ಅಂಗಡಿ ಮುಚ್ಚಬೇಕಾಗುತ್ತಿತ್ತು. ಮಂಡಿಯಲ್ಲಿ ಲಾಭವೇ ಒಂದು, ಅಜ್ಜಿಯ ಅಂಗಳದಲ್ಲಿ ಅದು ಒಂದಕ್ಕೂ ಮುಂಚಿನದು. ಇಬ್ಬರೂ ಹನ್ನೆರಡೇ ಎಂದರು, ಇಬ್ಬರೂ ನಿಜವನ್ನೇ ಹೇಳಿದರು. ನಡುವೆ ಒಂದು ಚುಕ್ಕಿ ಬಿದ್ದುಹೋಗಿತ್ತು.

ಆ ಹದಿಮೂರನ್ನು ನೋಡುತ್ತ ನಾನು ಚಪ್ಪಡಿಯ ಮೇಲೇ ಕೂತುಬಿಟ್ಟೆ. ಹನ್ನೆರಡರ ಪಕ್ಕದ ಮನೆಯಲ್ಲೇ ಇದ್ದರೂ ಅದರ ಗುಣವೇ ಬೇರೆ. ಎರಡಕ್ಕೆ ಬಗ್ಗುವುದಿಲ್ಲ, ಮೂರಕ್ಕೆ ಬಗ್ಗುವುದಿಲ್ಲ, ತನ್ನನ್ನು ಬಿಟ್ಟರೆ ಒಂದಕ್ಕೆ ಮಾತ್ರ ಬಗ್ಗುತ್ತದೆ. ಹದಿಮೂರು ಚುಕ್ಕಿಯ ಅಗಲಕ್ಕೆ ಅದಕ್ಕಿಂತ ಕಡಿಮೆ ಎಷ್ಟು ಸಾಲು ಇಟ್ಟರೂ ಎಳೆ ಒಂದೇ. ನವಗ್ರಹವಿರಲಿ, ಏಳು ವಾರವಿರಲಿ, ಹನ್ನೆರಡು ರಾಶಿಯಿರಲಿ, ಆ ಎಳೆಯನ್ನು ಒಡೆಯುವುದಕ್ಕೆ ಆಗುವುದಿಲ್ಲ. ಹಟಮಾರಿ ಸಂಖ್ಯೆ. ನನಗೆ ಅದರ ಮೇಲೆ ಅಂದು ಹುಟ್ಟಿದ ಪ್ರೀತಿ ಇಂದಿಗೂ ಹಾಗೇ ಇದೆ.

ಅಜ್ಜಿಗೆ ಬಿಡಿಸಿ ಹೇಳಿದೆ. ಅವಳು ಬಹಳ ಹೊತ್ತು ಚುಕ್ಕಿಗಳ ಮೇಲೆ ಅಂಗೈ ಆಡಿಸುತ್ತ ಕೂತಿದ್ದು, ಎಲ್ಲ ಅಳಿಸಿಹೋದಮೇಲೆ ಹೇಳಿದಳು. "ಸರಿ ಬುಡು. ಕರ್ಕೊಂಡ್ ಬನ್ನಿ. ಅದ್ಮೂರ್ ಇಡ್ಲಿ. ಒಂದ್ ಎಳೆ ಬಂದ್ರೆ ಇರ್ಲಿ."

ಶ್ರಾವಣದ ಮೊದಲ ದಿನಗಳಲ್ಲೇ ನಾನೂ ಅಣ್ಣನೂ ಶ್ರೀರಾಂಪುರಕ್ಕೆ ಹೋದೆವು. ಅತ್ತಿಗೆಯ ಮುಂದೆ ನಾನು ಗೆದ್ದ ಪೈಲ್ವಾನನ ಹಾಗೆ ನಿಂತು ಎಲ್ಲವನ್ನೂ ಹೇಳಿದೆ. ಅವಳು ಕೇಳಿ, ಅಂಗಳದಲ್ಲೇ ಹದಿಮೂರು ಚುಕ್ಕಿಯ ಒಂಬತ್ತು ಸಾಲು ಇಟ್ಟು, ಕೈ ಎತ್ತದೆ ಎಳೆ ಎಳೆದಳು. ಗೆರೆ ಹೋಗಿ, ಹೋಗಿ, ಇನ್ನೇನು ಸಿಕ್ಕಿಬೀಳುತ್ತದೆ ಎನ್ನುವಾಗ ತಪ್ಪಿಸಿಕೊಂಡು, ಕಟ್ಟಕಡೆಯ ಚುಕ್ಕಿಯನ್ನೂ ಸುತ್ತಿ, ಹೊರಟ ಜಾಗಕ್ಕೆ ಬಂದು ಸೇರಿತು. ಅವಳ ಮುಖ ಅರಳಿತು. ಅರಳಿದ ಮುಖ ಹಾಗೇ ನಿಧಾನವಾಗಿ ಮುಚ್ಚಿಕೊಂಡಿತು.

"ಅಂದ್ರೆ," ಎಂದಳು, "ಒಂದ್ ಚುಕ್ಕಿ ಕಮ್ಮಿಯಾದ್ರೆ ನಾನು ಮನೆಮುರುಕಿ. ಒಂದ್ ಚುಕ್ಕಿ ಜಾಸ್ತಿಯಾದ್ರೆ ಮನೆ ಮಗ್ಳು. ಅಷ್ಟೇನಾ?"

ಅಣ್ಣ ನೆಲ ನೋಡಿದ. ಅವಳು ಒಳಗೆ ಹೋಗಿ ಗಂಟು ತಂದಳು.

ಮರುದಿನ ಶುಕ್ರವಾರ. ಅತ್ತಿಗೆ ಬೆಳಗಿನ ಜಾವವೇ ಎದ್ದು, ಪುಡಿಯ ಬದಲು ಅಕ್ಕಿ ನೆನೆಹಾಕಿ ರುಬ್ಬಿದ ಹಿಟ್ಟಿನಲ್ಲಿ ಎಳೆ ಹಾಕಿದ್ದಳು. ಒಣಗಿದ ಮೇಲೆ ಅದು ಕಲ್ಲಿಗೆ ಅಂಟಿ, ಬೆರಳಿಗೆ ಸಿಗುತ್ತದೆ, ಅಜ್ಜಿ ತಾನೇ ಮುಟ್ಟಿ ನೋಡಲಿ ಎಂದು. ಎಂಥ ಜಾಣೆ ಎಂದುಕೊಂಡೆ. ಅಜ್ಜಿ ಬಂದು ಕುಕ್ಕರಗಾಲಲ್ಲಿ ಕೂತಳು. ಎದುರುಮನೆಯ ಹೆಂಗಸರು ನೀರಿನ ಬಿಂದಿಗೆ ಸೊಂಟದಲ್ಲಿಟ್ಟುಕೊಂಡೇ ನಿಂತರು. ನಾನು ಅಭ್ಯಾಸಬಲದಿಂದ ಚುಕ್ಕಿ ಎಣಿಸಿದೆ. ಮತ್ತೆ ಎಣಿಸಿದೆ. ಹನ್ನೆರಡು!

ಅತ್ತಿಗೆಯ ತೋಳು ಜಿಗುಟಿ, "ಹದಿಮೂರು ಅಂತ ಹೇಳಿರಲಿಲ್ವಾ?" ಎಂದು ಪಿಸುಗುಟ್ಟಿದೆ.

"ಗೊತ್ತು," ಎಂದಳು.

ಒಂದು ತಿಂಗಳು! ಬಳಪ ತೇದು, ಇದ್ದಿಲು ತೇದು, ಗಂಟು ಮುದ್ದೆ ತಿಂದು, ಅಜ್ಜಿಯ ಕೈಲಿ ಬೈಸಿಕೊಂಡು ನಾನು ಗಳಿಸಿದ ಹದಿಮೂರನ್ನು ಇವಳು ಹೀಗೆ ಗಾಳಿಗೆ ತೂರಿಬಿಟ್ಟಳಲ್ಲ ಎಂದು ನನಗೆ ಅಳು ಬಂತು. ಆಗಲೇ ಅಜ್ಜಿಯ ಬೆರಳು ಎಳೆಯ ಮೇಲೆ ಹೊರಟಿತ್ತು. ಓರೆಯಾಗಿ ಇಳಿಯಿತು, ಅಂಚಿನಲ್ಲಿ ತಿರುಗಿತು, ಏರಿತು, ಹೊರಟ ಜಾಗಕ್ಕೆ ಬಂದು ನಿಂತಿತು. ಇಷ್ಟು ಬೇಗ ಬರಬಾರದು ಎಂಬುದು ಆ ಬೆರಳಿಗೆ ಗೊತ್ತಿತ್ತು. ಪಕ್ಕಕ್ಕೆ ಸರಿದು ಎರಡನೆಯ ಎಳೆ ಹಿಡಿಯಿತು. ಆಮೇಲೆ ಮೂರನೆಯದು.

ಅತ್ತಿಗೆ ಅಜ್ಜಿಯ ಎದುರು ಕೂತಳು. ದನಿ ಏರಿಸಲಿಲ್ಲ.

"ಮೂರು ಅಜ್ಜಿ. ನಾಳೆ ಬೇಕಾದ್ರೆ ನಿಮ್ ಲೆಕ್ಕುದಲ್ಲಿ ಅದ್ಮೂರ್ ಇಟ್ಟು ಒಂದೇ ಎಳೆ ಆಕ್ತೀನಿ, ದಿನಾ ಆಕ್ತೀನಿ. ಇವತ್ತು ಮೂರೇ. ಇದ್ನ ಮುಟ್ಟಿ ನೋಡ್ಬುಟ್ಟು ಯೋಳಿ. ನಾನ್ ಇರ್ಲೋ, ಓಗ್ಲೋ?"

ಅಜ್ಜಿಯ ಬೆರಳು ಎಳೆಗಳ ಮೇಲೆ ಇನ್ನೊಮ್ಮೆ ಹೊರಟಿತು. ಈ ಸಲ ಒಂದನ್ನೇ ಹಿಡಿದು ಹೋಗಲಿಲ್ಲ. ಒಂದು ಎಳೆ ಇನ್ನೊಂದನ್ನು ದಾಟುವ ಕಡೆಯಲ್ಲೆಲ್ಲ ನಿಂತು ನಿಂತು ಹೋಯಿತು. ದಾಟುವ ಕಡೆಗಳು ಚಪ್ಪಡಿಯ ತುಂಬ ಇದ್ದವು. ಒಂದನ್ನು ಮುಟ್ಟಿದರೆ ಇನ್ನೊಂದು ಸಿಗುತ್ತಿತ್ತು. ಒಂದೆರಡು ಕಡೆ ಬೆರಳು ದಾರಿ ತಪ್ಪಿ ಬೇರೆ ಎಳೆಗೆ ಹೊರಳಿತು. ಅಜ್ಜಿ ಅದನ್ನು ತಿದ್ದಿಕೊಳ್ಳಲಿಲ್ಲ.

ಕೊನೆಗೆ ಅವಳು ಕೈ ಚಾಚಿದಳು. ಅತ್ತಿಗೆ ಹಿಡಿದು ಎಬ್ಬಿಸಿದಳು. ಎದ್ದು ನಿಂತ ಅಜ್ಜಿ ಆ ಕೈ ಬಿಡದೆ, ಅಡುಗೆಮನೆಯ ಕಡೆಗೆ ಮುಖ ಮಾಡಿದಳು.

"ಎಸ್ರು ಕುದೀತಾ ಅದೆ," ಎಂದಳು. "ಈ ಎಣ್ಮಗ ಇಟ್ಟೆಲ್ಲ ಗಂಟ್ ಮಾಡ್ತಾಳೆ, ತಿಂದು ತಿಂದು ಸಾಕಾಗದೆ. ಕೋಲು ಮೂಲೇಲದೆ. ನೀನೇ ಬಂದು ತಿರುವವ್ವ."

ಅತ್ತಿಗೆ ಕೈ ತೊಳೆದುಕೊಂಡು ಒಳಗೆ ಹೋದಳು. ಆ ಮೂರು ಎಳೆಗಳನ್ನು ಅಂದು ಸಂಜೆಯವರೆಗೂ ಯಾರೂ ತುಳಿಯಲಿಲ್ಲ. ಅಪ್ಪ ಕೂಡ ಕಾರ್ಖಾನೆಗೆ ಹೋಗುವಾಗ ಬದಿಯಿಂದ ದಾಟಿಕೊಂಡು ಹೋದ.